1971ರ ಯುದ್ಧವೀರ ಜನರಲ್ ಬಗ್ಗೆ ಬರೆಯುವುದು ಹೇಗೆ?

ಬಾಂಗ್ಲಾದೇಶದ ವಿಮೋಚನಾ ಯುದ್ಧದಲ್ಲಿ ಹೋರಾಡಿ, ಪದಕ ಪಡೆದು, ಆಮೇಲೆ ಜನರಲ್ ಆದವರ ಬಗ್ಗೆ ಬರೆಯಲು ಕೂತರೆ ಹುಟ್ಟಿದ ಊರು, ಓದು, ಕಮಿಷನ್, ಪದಕ, ನಿವೃತ್ತಿ ಅಂತ ಸಾಲಾಗಿ ಜೋಡಿಸಿಬಿಡುತ್ತೇವೆ, ಅಲ್ವಾ? ಓದಿದವರಿಗೆ ಆ ಮನುಷ್ಯ ಸಿಗುವುದೇ ಇಲ್ಲ. ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: 1971ರ ಮಾರ್ಚ್‌ನಲ್ಲಿ ಇವರು ಎಲ್ಲಿದ್ದರು, ಯಾವ ಬೆಟಾಲಿಯನ್‌ನಲ್ಲಿದ್ದರು? ಮುಂದಿನ ಬಡ್ತಿ, ಜಗಳ, ಹುದ್ದೆ ಎಲ್ಲದರ ಬೇರು ಆ ತಿಂಗಳಲ್ಲೇ ಇರುತ್ತದೆ.

ಮುಂದೆ ಬಾಂಗ್ಲಾದೇಶದ ಸೇನಾ ಮುಖ್ಯಸ್ಥರಾದ ಕೆ. ಎಂ. ಶಫೀಉಲ್ಲಾ ಅವರನ್ನೇ ನೋಡಿ. ಬಾಂಗ್ಲಾದೇಶ ಆಗಿನ್ನೂ ಪೂರ್ವ ಪಾಕಿಸ್ತಾನ, ಅವರು ಪಾಕಿಸ್ತಾನ ಸೇನೆಯಲ್ಲಿ ಮೇಜರ್. ಢಾಕಾದ ಉತ್ತರಕ್ಕಿರುವ ಜಯದೇವಪುರದ ಹಳೇ ಅರಮನೆಯಲ್ಲಿ ಬೀಡುಬಿಟ್ಟಿದ್ದ 2ನೇ ಈಸ್ಟ್ ಬೆಂಗಾಲ್ ಬೆಟಾಲಿಯನ್‌ಗೆ ಎರಡನೇ ಅಧಿಕಾರಿ. ಮಾರ್ಚ್ 19ರಂದು ಢಾಕಾದಿಂದ ಒಬ್ಬ ಬ್ರಿಗೇಡಿಯರ್ ಪಡೆ ಕಟ್ಟಿಕೊಂಡು ಬಂದರು. ಬಂಗಾಳಿ ಸೈನಿಕರ ಬಂದೂಕು ಕಿತ್ತುಕೊಳ್ಳುತ್ತಾರೆ ಅನ್ನುವ ಸುದ್ದಿ ಹಬ್ಬಿ ಜನ ಬೀದಿಗಿಳಿದರು. ರೈಲ್ವೆ ಗೇಟ್ ಹತ್ತಿರ ರೈಲಿನ ಬೋಗಿಯನ್ನೇ ರಸ್ತೆಗೆ ಅಡ್ಡ ನಿಲ್ಲಿಸಿದರು. ಗುಂಡು ಹಾರಿತು, ಜನ ಸತ್ತರು. ಮಾರ್ಚ್ 25ರ ರಾತ್ರಿ ಢಾಕಾದಲ್ಲಿ ಪಾಕಿಸ್ತಾನ ಸೇನೆಯ ಹತ್ಯಾಕಾಂಡ ಶುರುವಾಯಿತು. ಕೆಲವೇ ದಿನಗಳಲ್ಲಿ ಶಫೀಉಲ್ಲಾ ಬೆಟಾಲಿಯನ್ ಜೊತೆ ದಂಗೆ ಎದ್ದು ಮೈಮನ್‌ಸಿಂಗ್ ಕಡೆ ಹೊರಟರು. ಏಪ್ರಿಲ್ 4ರಂದು ತೇಲಿಯಾಪಾರಾ ಚಹಾ ತೋಟದ ಮ್ಯಾನೇಜರ್ ಬಂಗಲೆಯಲ್ಲಿ ಮುಂದೆ ವಿಮೋಚನಾ ಪಡೆಗಳ ದಂಡನಾಯಕರಾದ ಕರ್ನಲ್ ಉಸ್ಮಾನಿ, ಮೇಜರ್ ಖಾಲಿದ್ ಮುಷರ್ರಫ್ ಮೊದಲಾದವರ ಜೊತೆ ಕೂತು ಯುದ್ಧ ಹೇಗೆ ನಡೆಸಬೇಕು ಅಂತ ಮಾತಾಡಿದರು. ಇಂಥ ಕಡೆ ಅವಸರ ಮಾಡಬೇಡಿ. ಸಂಬಳ ಕೊಡುವ ಸೇನೆಯ ವಿರುದ್ಧವೇ ತಿರುಗಿದ ಅಧಿಕಾರಿ ಸಿಕ್ಕಿಬಿದ್ದರೆ ಸಾವೇ ಗತಿ. ಆ ಹೆಜ್ಜೆ ಇಟ್ಟ ದಿನಕ್ಕೆ ಒಂದು ಪುಟ ಕೊಟ್ಟರೂ ಜಾಸ್ತಿ ಅಲ್ಲ.

ಯುದ್ಧದ ಭಾಗಕ್ಕೆ ಸೆಕ್ಟರ್ ಹಿಡಿದು ಹೋಗಿ. ಇಡೀ ದೇಶವನ್ನು 11 ಸೆಕ್ಟರ್, ಅಂದರೆ ಯುದ್ಧ ವಲಯ, ಮಾಡಿದ್ದರು. ಶಫೀಉಲ್ಲಾ 3ನೇ ಸೆಕ್ಟರ್ ನೋಡಿಕೊಂಡರು, ಆಮೇಲೆ ಅವರ ಹೆಸರಿನ ಮೊದಲ ಅಕ್ಷರದಲ್ಲೇ ಎಸ್ ಫೋರ್ಸ್ ಅನ್ನುವ ಬ್ರಿಗೇಡ್ ಕಟ್ಟಿದರು. ಮುಂದೆ ರಾಷ್ಟ್ರಪತಿಯಾದ ಜಿಯಾವುರ್ ರೆಹಮಾನ್ (ಜಿಯಾ) ಅವರದು ಝಡ್, ಖಾಲಿದ್ ಅವರದು ಕೆ.

ಪದಕದಲ್ಲಿ ತುಂಬಾ ಜನ ಎಡವುತ್ತಾರೆ. ಮೇಲಿನಿಂದ ಕೆಳಕ್ಕೆ ನಾಲ್ಕು: ಬೀರ್ ಶ್ರೇಷ್ಠ, ಬೀರ್ ಉತ್ತಮ್, ಬೀರ್ ಬಿಕ್ರಮ್, ಬೀರ್ ಪ್ರತೀಕ್. 1973ರ ಡಿಸೆಂಬರ್ 15ರ ಗೆಜೆಟ್‌ನಲ್ಲಿ ಕ್ರಮವಾಗಿ 7, 68, 175 ಮತ್ತು 426 ಜನರಿದ್ದರು. ಬೀರ್ ಶ್ರೇಷ್ಠ ಪಡೆದ ಏಳೂ ಜನ ಯುದ್ಧದಲ್ಲೇ ಪ್ರಾಣ ಕೊಟ್ಟವರು. ಹಾಗಾಗಿ ಬದುಕಿ ಬಂದು ಜನರಲ್ ಆದವರ ಹೆಸರಿನ ಮುಂದೆ ಅದನ್ನು ಅಪ್ಪಿತಪ್ಪಿಯೂ ಹಾಕಬೇಡಿ. ಶಫೀಉಲ್ಲಾ ಅವರದು ಬೀರ್ ಉತ್ತಮ್.

ಇನ್ನು ಸೀನಿಯಾರಿಟಿ, ಅಂದರೆ ಸೇವಾ ಹಿರಿತನ. ಒಣ ವಿಷಯ ಅನಿಸಬಹುದು, ಆದರೆ ಇದನ್ನು ಬಿಟ್ಟರೆ 1972ರ ನಂತರದ ಕಥೆ ಅರ್ಥವೇ ಆಗುವುದಿಲ್ಲ. ಯುದ್ಧ ಮಾಡಿದ ಅಧಿಕಾರಿಗಳಿಗೆ ಎರಡು ವರ್ಷದ ಸೀನಿಯಾರಿಟಿ ಹೆಚ್ಚುವರಿಯಾಗಿ ಸಿಕ್ಕಿತು. ಯುದ್ಧದ ವೇಳೆ ಪಾಕಿಸ್ತಾನದಲ್ಲೇ ಸಿಕ್ಕಿಹಾಕಿಕೊಂಡು 1973-74ರಲ್ಲಿ ವಾಪಸ್ ಬಂದ ಬಂಗಾಳಿ ಅಧಿಕಾರಿಗಳಿಗೆ ತಮ್ಮ ಕಿರಿಯರು ಮೇಲಿರುವುದನ್ನು ನೋಡಿ ಹೊಟ್ಟೆ ಉರಿಯಿತು. ಯುದ್ಧ ಮಾಡಿದವರೊಳಗೂ ಎಲ್ಲ ಸರಿ ಇರಲಿಲ್ಲ. ಜಿಯಾ ಮತ್ತು ಶಫೀಉಲ್ಲಾ ಒಂದೇ ಬ್ಯಾಚ್, ಪಟ್ಟಿಯಲ್ಲಿ ಜಿಯಾ ಮುಂದೆ, ಆದರೂ 1972ರ ಏಪ್ರಿಲ್‌ನಲ್ಲಿ ಸೇನಾ ಮುಖ್ಯಸ್ಥರಾದದ್ದು ಶಫೀಉಲ್ಲಾ. ಜಿಯಾ ಉಪಮುಖ್ಯಸ್ಥರಾದರು.

ಕಹಿ ಭಾಗವನ್ನೂ ಬರೆಯಿರಿ. 1975ರ ಆಗಸ್ಟ್ 15ರ ಬೆಳಗಿನ ಜಾವ ರಾಷ್ಟ್ರಪತಿ ಶೇಖ್ ಮುಜೀಬರನ್ನು ಸೇನೆಯ ಕೆಲವು ಅಧಿಕಾರಿಗಳೇ ಕೊಂದಾಗ ಶಫೀಉಲ್ಲಾ ಅವರೇ ಮುಖ್ಯಸ್ಥರು. ಯಾಕೆ ಪಡೆ ಕಳಿಸಲಿಲ್ಲ ಅನ್ನುವ ಪ್ರಶ್ನೆ ಅವರನ್ನು ಕೊನೆಯವರೆಗೂ ಬಿಡಲಿಲ್ಲ. ಅವರು ಕೊಟ್ಟ ಉತ್ತರ, ಟೀಕಿಸಿದವರ ಮಾತು ಎರಡನ್ನೂ ಪಕ್ಕಪಕ್ಕ ಇಡಿ. ವೀರರನ್ನು ಕಾಪಾಡಲು ಹೋಗಿ ಓದುಗರಿಂದ ಏನನ್ನೂ ಮುಚ್ಚಿಡಬೇಡಿ.

ಆಗಸ್ಟ್ 24ಕ್ಕೆ ಆ ಜಾಗಕ್ಕೆ ಜಿಯಾ ಬಂದರು. ಶಫೀಉಲ್ಲಾ ವರ್ಷಗಟ್ಟಲೆ ಮಲೇಷ್ಯಾ, ಕೆನಡಾ ಮೊದಲಾದ ಕಡೆ ರಾಯಭಾರಿಯಾಗಿದ್ದು, 1996ರಲ್ಲಿ ಸಂಸದರಾಗಿ, 2025ರ ಜನವರಿಯಲ್ಲಿ ತೀರಿಕೊಂಡರು. ಇಷ್ಟಕ್ಕೆ ಎರಡು ಪ್ಯಾರಾ ಸಾಕು.

ಬರೆದು ಮುಗಿದ ಮೇಲೆ ರ್‍ಯಾಂಕ್‌ಗಳನ್ನು ಒಮ್ಮೆ ತಿದ್ದಿ. ಆಯಾ ದಿನ ಯಾವ ರ್‍ಯಾಂಕ್ ಇತ್ತೋ ಅದನ್ನೇ ಹಾಕಿ. ತೇಲಿಯಾಪಾರಾದ ಬಂಗಲೆಗೆ ಬಂದವರು ಮೇಜರ್ ಶಫೀಉಲ್ಲಾ. ಅವರು ಜನರಲ್ ಆಗಲು ಇನ್ನೂ ಒಂದು ದೇಶವೇ ಹುಟ್ಟಬೇಕಿತ್ತು.