ಟ್ರ್ಯಾಕ್ಟರ್ ಲೋಡರ್ ಬಕೆಟ್‌ಗೆ ಹಲ್ಲಿನ ಪಟ್ಟಿ ಕೂರಿಸುವುದು ಹೇಗೆ

ತುಳಿದು ಗಟ್ಟಿಯಾದ ತಿಪ್ಪೆಗೋ, ಒಣಗಿದ ಕೆರೆಯ ಹೂಳಿಗೋ ಫ್ರಂಟ್ ಲೋಡರ್ ಹಾಕಿದವರಿಗೆಲ್ಲ ಇದು ಗೊತ್ತು. ಬಕೆಟ್ ಒಳಗೆ ಇಳಿಯುವುದೇ ಇಲ್ಲ, ಮೇಲೆ ಮೇಲೆಯೇ ಜಾರುತ್ತದೆ. ರೇಸ್ ಜಾಸ್ತಿ ಮಾಡಿದರೆ ಹಿಂದಿನ ಚಕ್ರ ನಿಂತಲ್ಲೇ ತಿರುಗಿ ಗುಂಡಿ ತೋಡುತ್ತದೆ. ಟ್ರ್ಯಾಕ್ಟರಿಗೆ ಶಕ್ತಿ ಸಾಲದು ಅಂತಲ್ಲ. ಬಕೆಟ್ಟಿನ ಮುಂದಿನ ತುದಿ, ಅಂದರೆ ಐದು ಅಡಿ ಅಗಲದ ನೇರ ಬಾಯಂಚು, ಒಮ್ಮೆಗೇ ಮಣ್ಣಿಗೆ ತಾಗಿದರೆ, ಇದ್ದ ಬಲವೆಲ್ಲ ಆ ಐದು ಅಡಿಗೂ ಹಂಚಿಹೋಗುತ್ತದೆ.

ಹಲ್ಲಿನ ಪಟ್ಟಿ ಅಂದರೆ ಬಾಯಂಚಿನ ಮೇಲೆ ಕೂರುವ, ಹಲ್ಲು ಜೋಡಿಸಿದ ಉಕ್ಕಿನ ಪಟ್ಟಿ. 1500 ಎಂಎಂ ಅಗಲದ ಬಕೆಟ್‌ಗೆ 50 ಎಂಎಂ ಅಗಲದ 7 ಹಲ್ಲು ಕೂರಿಸಿದರೆ ಮೊದಲು ಮಣ್ಣಿಗೆ ತಾಗುವುದು ಬರೀ 350 ಎಂಎಂ. ಅದೇ ಬಲಕ್ಕೆ ಒತ್ತಡ ನಾಲ್ಕು ಪಟ್ಟು ಏರುತ್ತದೆ. ಹೂಳಿನ ಬಿರುಕಿಗೆ ಹಲ್ಲು ಇಳಿದು, ಬಕೆಟ್ ಸ್ವಲ್ಪ ಮಡಿಚಿದರೆ (ಬಾಯಿ ಮೇಲಕ್ಕೆ ತಿರುಗಿಸಿದರೆ) ಸಾಕು, ಹೆಂಟೆ ಹೆಂಟೆಯಾಗಿ ಕಿತ್ತು ಬರುತ್ತದೆ. ಹಾಗಂತ ಹಲ್ಲು ಹಾಕಿದ ಮಾತ್ರಕ್ಕೆ ಟ್ರ್ಯಾಕ್ಟರು ಜೆಸಿಬಿ ಆಗುವುದಿಲ್ಲ. ಲೋಡರಿನ ತೋಳು, ಮುಂದಿನ ಆಕ್ಸಲ್, ಸಿಲಿಂಡರ್ ಎಲ್ಲವೂ ಮೊದಲಿದ್ದವೇ. ಬಂಡೆ ಎಬ್ಬಿಸಲು, ದೊಡ್ಡ ಮರದ ಬೇರು ಕೀಳಲು ಇದನ್ನು ನಂಬಬೇಡಿ.

ಬಕೆಟ್‌ಗೇ ವೆಲ್ಡ್ ಮಾಡಬಾರದೇಕೆ?

ಬಹಳ ಜನ ಮಾಡುವುದು ಅದನ್ನೇ: ಜೆಸಿಬಿಯ ಹಳೇ ಹಲ್ಲು ತಂದು ಬಾಯಂಚಿಗೆ ನೇರವಾಗಿ ವೆಲ್ಡ್ ಮಾಡಿಸುತ್ತಾರೆ. ಬಾಯಂಚು ಸಾಧಾರಣ ಎಂಎಸ್ (ಮೃದು ಉಕ್ಕಿನ) ಪ್ಲೇಟ್ ಅಲ್ಲ, ಸವೆಯದಿರಲೆಂದು ಗಡಸು ಉಕ್ಕಿನಲ್ಲಿ ಮಾಡಿರುತ್ತಾರೆ. ತಣ್ಣಗಿರುವಾಗ ಮಾಮೂಲಿ 6013 ವೆಲ್ಡಿಂಗ್ ರಾಡಿನಲ್ಲಿ ವೆಲ್ಡ್ ಮಾಡಿದರೆ ವೆಲ್ಡಿನ ಪಕ್ಕದ ಉಕ್ಕು ಗಾಜಿನಂತೆ ಪೆಡಸಾಗುತ್ತದೆ. ವೆಲ್ಡ್ ನೋಡಲು ಚೆನ್ನಾಗಿಯೇ ಇರುತ್ತದೆ, ಆದರೆ ಕೆಲವೇ ದಿನಗಳಲ್ಲಿ ಅದರ ಅಂಚಿಗೆ ಕೂದಲೆಳೆಯಂಥ ಬಿರುಕು ಬಿದ್ದು ಬಾಯಂಚೇ ಸೀಳುತ್ತದೆ.

ಇನ್ನೊಂದು ಕಾರಣ ದಿನದ ಕೆಲಸದ್ದು. ಕೊಟ್ಟಿಗೆಯ ಸಿಮೆಂಟ್ ನೆಲದಿಂದ ಸಗಣಿ ಬಳಿಯಲು, ಕಣ ಸಮ ಮಾಡಲು, ಮರಳು ತುಂಬಲು ನೇರ ಬಾಯಂಚೇ ಬೇಕು. ಎರಡು ಬೋಲ್ಟಿನ ಮೇಲೆ ಕೂರುವ ಪಟ್ಟಿಯಾದರೆ ಹತ್ತು ನಿಮಿಷದಲ್ಲಿ ಬಿಚ್ಚಿಡಬಹುದು. ನಮ್ಮ ಸಲಹೆ ಬೋಲ್ಟ್ ಪಟ್ಟಿಯೇ.

ಆದರೆ ಒಂದು ಮಾತು ತಲೆಯಲ್ಲಿರಲಿ. ಬೋಲ್ಟಿನ ಕೆಲಸ ಪಟ್ಟಿ ಜಾರಿ ಬೀಳದಂತೆ ಹಿಡಿಯುವುದಷ್ಟೆ. ಮಣ್ಣು ತಳ್ಳುವ ಬಲವನ್ನು ಹೊರಬೇಕಾದದ್ದು ಬಾಯಂಚು. ಅಳತೆ ತಪ್ಪಿ ಆ ಬಲ ಬೋಲ್ಟಿನ ಮೇಲೆ ಬಿತ್ತೋ, ಬೋಲ್ಟ್ ಹಾಯುವ ಬಕೆಟ್ಟಿನ ಪಕ್ಕದ ಪ್ಲೇಟಿನ ತೂತು ಮೊಟ್ಟೆಯಾಕಾರಕ್ಕೆ ಹಿಗ್ಗುತ್ತದೆ. ಮುಂದೆ ಹೇಳುವುದೆಲ್ಲ ಇದೊಂದನ್ನು ತಪ್ಪಿಸಲಿಕ್ಕೆ.

ಅಳತೆ

ಬಕೆಟ್ ಒಳಗಲವನ್ನು ಮೇಲ್ಗಡೆ ಅಳೆಯಬೇಡಿ, ಬಾಯಂಚಿನ ಹತ್ತಿರ ಅಳೆಯಿರಿ. ಬಹಳಷ್ಟು ಬಕೆಟ್‌ಗಳಲ್ಲಿ ಮೇಲಕ್ಕೂ ಕೆಳಕ್ಕೂ, ಮುಂದಕ್ಕೂ ಹಿಂದಕ್ಕೂ ಅಗಲ ಒಂದೇ ಇರುವುದಿಲ್ಲ. ತುದಿಯಲ್ಲಿ ಒಮ್ಮೆ, ಅಲ್ಲಿಂದ 75 ಎಂಎಂ ಹಿಂದೆ ಒಮ್ಮೆ ಅಳೆದು, ಕಡಿಮೆ ಬಂದದ್ದನ್ನು ಹಿಡಿಯಿರಿ. ಅದರಲ್ಲಿ 6 ಎಂಎಂ ಕಳೆದರೆ ಪಟ್ಟಿಯ ಒಟ್ಟು ಉದ್ದ. 1500 ಇದ್ದರೆ 1494.

ಬಾಯಂಚಿನ ದಪ್ಪವನ್ನು ವರ್ನಿಯರ್ ಹಿಡಿದು ಮೂರ್ನಾಲ್ಕು ಕಡೆ ನೋಡಿ. ಹೊಸದರಲ್ಲಿ 16 ಎಂಎಂ ಇದ್ದದ್ದು ಮಧ್ಯದಲ್ಲಿ ಸವೆದು 13ಕ್ಕೆ ಇಳಿದಿರಬಹುದು.

ಆಮೇಲೆ ಮೂಲೆಯಿಂದ ಮೂಲೆಗೆ ದಾರ ಬಿಗಿಯಾಗಿ ಎಳೆದು ಕಟ್ಟಿ. ಹಳೇ ಬಕೆಟ್ ಆದರೆ ಮಧ್ಯದಲ್ಲಿ ಬಾಯಂಚು ದಾರದಿಂದ ಹಿಂದಕ್ಕೆ ಸರಿದಿರುತ್ತದೆ. 3 ಎಂಎಂವರೆಗೆ ಚಿಂತೆಯಿಲ್ಲ. 10-15 ಎಂಎಂ ಸವೆದಿದ್ದರೆ ನೇರ ಪಟ್ಟಿ ಎರಡು ಮೂಲೆಯಲ್ಲಿ ಮಾತ್ರ ತಾಗಿ, ಮಧ್ಯದ ಹಲ್ಲುಗಳ ಹಿಂದೆ ಸಂದು ಉಳಿಯುತ್ತದೆ. ಮೊದಲು ಬಾಯಂಚು ಬದಲಿಸಿ. ಆಗದಿದ್ದರೆ ಪ್ರತಿ ಹಲ್ಲಿನ ಸಂದಿಗೂ ಅಷ್ಟಷ್ಟೇ ದಪ್ಪದ ಪ್ಲೇಟ್ ತುಂಡು ಇಟ್ಟು ಹಲ್ಲಿಗೇ ವೆಲ್ಡ್ ಮಾಡಿಸಬೇಕಾಗುತ್ತದೆ.

ಬೇಕಾಗುವ ಸಾಮಾನು

75×12 ಎಂಎಂ ಫ್ಲ್ಯಾಟ್ ಪಟ್ಟಿ. ಎರಡು ಕಿವಿಗೆ (ಪಟ್ಟಿಯ ಎರಡು ತುದಿಗೆ ನೆಟ್ಟಗೆ ವೆಲ್ಡ್ ಆಗಿ, ಬಕೆಟ್ಟಿನ ಪಕ್ಕದ ಪ್ಲೇಟಿಗೆ ಬೋಲ್ಟ್ ಆಗುವವು) 12 ಎಂಎಂ ಪ್ಲೇಟಿನ 100×75 ಎಂಎಂ ತುಂಡುಗಳು. ಬುಡ ಮತ್ತು ತುದಿ ಬೇರೆ ಬೇರೆ ಇರುವ 7 ಹಲ್ಲು, ಅವುಗಳ ಪಿನ್ನು. ಎಂ16 ಅಳತೆಯ 8.8 ಗ್ರೇಡ್ ಬೋಲ್ಟ್ ಎರಡು, ನೈಲಾಕ್ ನಟ್ (ಸಡಿಲವಾಗದಂತೆ ಒಳಗೆ ನೈಲಾನ್ ಬಳೆ ಇರುವಂಥದ್ದು), ದಪ್ಪ ವಾಷರ್. 7018 ವೆಲ್ಡಿಂಗ್ ರಾಡ್. ಐದಡಿಯ ತಯಾರಿ ಪಟ್ಟಿಯೇ ಸಿಕ್ಕರೆ ಸುಮಾರು 35-40 ಕೆಜಿ ತೂಗುತ್ತದೆ, ಎತ್ತಲು ಇಬ್ಬರು ಬೇಕು.

ಲಾರಿಯ ಹಳೇ ಸ್ಪ್ರಿಂಗ್ ಪಟ್ಟಿ ಕತ್ತರಿಸಿ ಹಲ್ಲು ಮಾಡುವುದು ಅಗ್ಗ, ಸವೆತವೂ ಕಡಿಮೆ. ಆದರೆ ಅದರಲ್ಲಿ ಇಂಗಾಲ ಹೆಚ್ಚು, ತಣ್ಣಗೆ ವೆಲ್ಡ್ ಮಾಡಿದರೆ ಬುಡದಲ್ಲೇ ಪಟ್ ಎಂದು ಮುರಿಯುತ್ತದೆ. ತುದಿ ಮಾತ್ರ ಬದಲಿಸುವ ಹಲ್ಲುಗಳೇ ಮೇಲು; ಸವೆದಾಗ ಪಿನ್ನು ಹೊಡೆದು ಹೊಸ ತುದಿ ಹಾಕಿದರಾಯಿತು.

ಪಟ್ಟಿ ತಯಾರಿ

ಹಲ್ಲಿನ ಬುಡ ಹಿಂಬದಿಯಲ್ಲಿ ಕವೆಯಂತೆ ಸೀಳಿರಬೇಕು. ಫ್ಲ್ಯಾಟ್ ಪಟ್ಟಿ ಬಾಯಂಚಿನ ಒಳಮೈ ಮೇಲೆ ಮಲಗುತ್ತದೆ. ಕವೆಯ ಮೇಲಿನ ದವಡೆ ಪಟ್ಟಿಗೆ ವೆಲ್ಡ್ ಆಗುತ್ತದೆ, ಕೆಳಗಿನ ದವಡೆ ಬಾಯಂಚಿನ ಅಡಿಗೆ ಬರುತ್ತದೆ. ಕೆಳದವಡೆಗೂ ಪಟ್ಟಿಗೂ ನಡುವಿನ ಸಂದು ಬಾಯಂಚಿನ ದಪ್ಪಕ್ಕಿಂತ 1-2 ಎಂಎಂ ಮಾತ್ರ ಹೆಚ್ಚಿರಲಿ, ಆಳ 40-50 ಎಂಎಂ. ಸಂದಿನ ತಳ ಬಾಯಂಚಿನ ತುದಿಗೆ ಒತ್ತಿ ನಿಲ್ಲಬೇಕು, ಬಲ ಹಾದುಹೋಗುವ ದಾರಿ ಅದು.

ತುದಿ ಬಾಯಂಚಿನಿಂದ 100-130 ಎಂಎಂ ಮುಂದೆ ಚಾಚಿದರೆ ಸಾಕು. ಉದ್ದ ಹೆಚ್ಚಾದಷ್ಟೂ ಮಣ್ಣು ಕೀಳುವ ಬಲ ಇಳಿಯುತ್ತದೆ. ಬಕೆಟ್ ಪಿನ್ನಿನಿಂದ ಬಾಯಂಚಿಗೆ 800 ಎಂಎಂ ಇದ್ದು ಹಲ್ಲು 120 ಎಂಎಂ ಚಾಚಿದರೆ, ತುದಿಯಲ್ಲಿ ಸಿಗುವ ಬಲ ಸುಮಾರು 13 ಶೇಕಡಾ ಕಮ್ಮಿ.

ಕೊನೆಯ ಎರಡು ಹಲ್ಲುಗಳ ಮಧ್ಯಗೆರೆ ಪಟ್ಟಿಯ ತುದಿಯಿಂದ 40 ಎಂಎಂ ಒಳಗೆ ಬರಲಿ. ಮೂಲೆ ಸವೆಯದಂತೆ ಕಾಯುವುದು ಇವೇ. ಉಳಿದ 1414 ಎಂಎಂ ಅನ್ನು 6 ಭಾಗ ಮಾಡಿದರೆ ಹಲ್ಲಿನಿಂದ ಹಲ್ಲಿಗೆ ಸುಮಾರು 236 ಎಂಎಂ. ಇದಕ್ಕಿಂತ ತೀರಾ ಹತ್ತಿರ ಮಾಡಿದರೆ ಎರೆಮಣ್ಣೂ ಹುಲ್ಲು ಬೆರೆತ ಗೊಬ್ಬರವೂ ನಡುವೆ ಕಚ್ಚಿಕೊಂಡು ಮತ್ತೆ ನೇರ ಬಾಯಂಚಿನ ಕಥೆಯೇ ಆಗುತ್ತದೆ.

ಈಗ ವೆಲ್ಡಿಂಗ್. ಪಟ್ಟಿಯನ್ನು ಬಾಯಂಚಿನ ಮೇಲೆಯೇ ಸಿ-ಕ್ಲ್ಯಾಂಪ್ ಹಾಕಿ ಬಿಗಿದು, ಹಲ್ಲುಗಳನ್ನು ಸುತ್ತಿಗೆಯಲ್ಲಿ ತಟ್ಟಿ ಕೂರಿಸಿ, ಟ್ಯಾಕ್ (ಹಿಡಿದು ನಿಲ್ಲಿಸುವ ಚಿಕ್ಕ ಚಿಕ್ಕ ವೆಲ್ಡ್) ಮಾತ್ರ ಹಾಕಿ. ಅದಕ್ಕೂ ಮೊದಲು ಬ್ಯಾಟರಿಯ ನೆಗೆಟಿವ್ ಕೇಬಲ್ ಬಿಚ್ಚಿ, ಅರ್ಥ್ ಕ್ಲ್ಯಾಂಪನ್ನು ಪಟ್ಟಿಗೇ ಹಾಕಿ. ಬಕೆಟ್ ಪಿನ್ನು, ಸಿಲಿಂಡರ್ ಮೂಲಕ ಕರೆಂಟ್ ಹರಿಯಬಾರದು. 2023ರ ಜನವರಿಯಿಂದ 50 ಎಚ್‌ಪಿಗೆ ಮೇಲ್ಪಟ್ಟ ಹೊಸ ಟ್ರ್ಯಾಕ್ಟರುಗಳಿಗೆ ಹೊಗೆ ಕಡಿಮೆ ಮಾಡಿಸುವ ಟ್ರೆಮ್-4 ನಿಯಮ ಬಂದಿದೆ. ಇಸಿಯು (ಎಂಜಿನ್ ನಿಯಂತ್ರಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ) ಇರುವ ಅಂಥ ಎಂಜಿನ್‌ಗಳಲ್ಲಿ ಈ ಎಚ್ಚರ ಇನ್ನೂ ಮುಖ್ಯ.

ಟ್ಯಾಕ್ ಆದಮೇಲೆ ಪಟ್ಟಿಯನ್ನು ಇಳಿಸಿ, ದಪ್ಪ ಗರ್ಡರಿಗೆ ಬಿಗಿದು ಪೂರ್ತಿ ವೆಲ್ಡ್ ಮಾಡಿ. ಒಂದು ತುದಿಯಿಂದ ಸಾಲಾಗಿ ಹೋದರೆ ಪಟ್ಟಿ ಬಾಳೆಹಣ್ಣಿನಂತೆ ಬಾಗುತ್ತದೆ. ಮಧ್ಯದ್ದು, ಆಮೇಲೆ ಎಡತುದಿ, ಬಲತುದಿ, ಹೀಗೆ ಬಿಟ್ಟು ಬಿಟ್ಟು ಮಾಡಿ. ಎರಕದ ಹಲ್ಲಿನ ಬುಡವನ್ನು ಗ್ಯಾಸ್ ಜ್ವಾಲೆಯಲ್ಲಿ 150-200 ಡಿಗ್ರಿಗೆ ಕಾಯಿಸಿ. ತೇವ ಹೀರಿದ 7018 ರಾಡಿನಿಂದ ಪ್ರಯೋಜನವಿಲ್ಲ, ಓವನ್‌ನಲ್ಲಿ ಒಣಗಿಸಿದ್ದೇ ಬೇಕು. ಮುಗಿದ ಮೇಲೆ ನೀರು ಹಾಕಲೇಬೇಡಿ. ಒಣಮರಳೋ ಬೂದಿಯೋ ಮುಚ್ಚಿ ತಾನಾಗಿ ತಣಿಯಲು ಬಿಡಿ.

ತೂತು ಹೊಡೆಯುವುದು

ಟ್ರ್ಯಾಕ್ಟರನ್ನು ಸಮನೆಲದಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಬಕೆಟ್ಟನ್ನು ಎರಡು ದಪ್ಪ ಮರದ ದಿಮ್ಮಿಗಳ ಮೇಲೆ ಇಳಿಸಿ, ಬಾಯಂಚಿನ ಕೆಳಗೆ ಕೈ ಆಡುವಷ್ಟು ಜಾಗ ಸಾಕು. ಎಂಜಿನ್ ಆರಿಸಿ ಲೋಡರ್ ಲಿವರನ್ನು ಹಿಂದೆ ಮುಂದೆ ಆಡಿಸಿ ಒತ್ತಡ ಬಿಡಿ. ಬರೀ ಹೈಡ್ರಾಲಿಕ್ ಮೇಲೆ ನಿಂತ ಬಕೆಟ್ ಕೆಳಗೆ ಯಾರೂ ಹೋಗಬಾರದು, ಒಂದು ಹೋಸ್ ಒಡೆದರೆ ಅದು ನೇರ ಕೆಳಗೆ ಬರುತ್ತದೆ.

ಕಿವಿಗಳಿಗೆ 17 ಎಂಎಂ ತೂತನ್ನು ಅಂಗಡಿಯ ಪಿಲ್ಲರ್ ಡ್ರಿಲ್‌ನಲ್ಲಿ ಮೊದಲೇ ಹೊಡೆಸಿಕೊಳ್ಳಿ. ಪಟ್ಟಿ ಕೂರಿಸಿ ದೊಡ್ಡ ಸುತ್ತಿಗೆಯಲ್ಲಿ, ನಡುವೆ ಮರದ ತುಂಡು ಇಟ್ಟು, ಎರಡೂ ತುದಿ ಮತ್ತು ಮಧ್ಯ ತಟ್ಟಿ. ಪ್ರತಿ ಹಲ್ಲಿನ ಹಿಂದೆ ಫೀಲರ್ ಗೇಜೋ ಹಳೇ ಹ್ಯಾಕ್ಸಾ ಬ್ಲೇಡೋ ತೂರಿಸಿ ನೋಡಿ. ಬ್ಲೇಡ್ ಒಳಗೆ ಹೋಗುವ ಹಲ್ಲು ಇನ್ನೂ ಕೂತಿಲ್ಲ. ಎಲ್ಲ ಕೂತ ಮೇಲೆ ಕ್ಲ್ಯಾಂಪ್ ಬಿಗಿದು, ಕಿವಿಯ ತೂತಿನೊಳಗಿಂದ ಪಕ್ಕದ ಪ್ಲೇಟಿಗೆ ಗುರುತು ಹಾಕಿ.

ಪಂಚ್ ಹೊಡೆಯುವಾಗ ಸರಿಯಾಗಿ ಮಧ್ಯಕ್ಕೆ ಹೊಡೆಯಬೇಡಿ, ಅರ್ಧದಿಂದ ಒಂದು ಎಂಎಂ ಹಿಂದಕ್ಕೆ, ಬಕೆಟ್ಟಿನ ಒಳಗಡೆಗೆ ಸರಿಸಿ. ಬೋಲ್ಟ್ ಹಾಕಿದಾಗ ಅದು ಪಟ್ಟಿಯನ್ನು ಹಿಂದಕ್ಕೆಳೆದು ಬಾಯಂಚಿಗೆ ಬಿಗಿಯುತ್ತದೆ. ಒಂದು ಎಂಎಂಗಿಂತ ಹೆಚ್ಚು ಸರಿಸಿದರೆ ಬೋಲ್ಟೇ ತೂರದು. ತೂತಿನ ಮಧ್ಯ ಪ್ಲೇಟಿನ ಅಂಚಿನಿಂದ ಕನಿಷ್ಠ 35 ಎಂಎಂ ದೂರ ಇರಲಿ.

6 ಎಂಎಂ ಬಿಟ್, ಆಮೇಲೆ 10, ಕೊನೆಗೆ 17. ವೇಗ ಕಡಿಮೆ, ಒತ್ತು ಜಾಸ್ತಿ, ಕಟಿಂಗ್ ಆಯಿಲ್ ಧಾರಾಳ. ಬಿಟ್ಟಿನಿಂದ ಸುರುಳಿ ಬರದೆ ಪುಡಿ ಬಂದು ಕಿರುಚಿದರೆ ಅಲ್ಲಿ ಗಡಸು ಪ್ಲೇಟ್ ಇದೆಯೆಂದು ಅರ್ಥ. ಮಾಮೂಲಿ ಎಚ್‌ಎಸ್‌ಎಸ್ ಬಿಟ್ಟನ್ನು ಅಲ್ಲೇ ನಿಲ್ಲಿಸಿ. ಉಜ್ಜುತ್ತಾ ಹೋದರೆ ಆ ಜಾಗ ಇನ್ನೂ ಗಡಸಾಗುತ್ತದೆ. ಕೋಬಾಲ್ಟ್ ಬಿಟ್ ತನ್ನಿ, ಇಲ್ಲವೇ ಮ್ಯಾಗ್ನೆಟ್ ಡ್ರಿಲ್ ಇರುವವರನ್ನು ಕರೆಸಿ. ಗ್ಯಾಸ್ ಕಟ್ಟರಿನಲ್ಲಿ ತೂತು ಸುಡಿಸಬೇಡಿ, ಸೊಟ್ಟ ತೂತಿನಲ್ಲಿ ಬೋಲ್ಟ್ ಆಡಿ ಆಡಿ ತುಂಡಾಗುತ್ತದೆ.

ಬಿಗಿಯುವುದು

ಬೋಲ್ಟಿನ ತಲೆ ಹೊರಗಡೆ ಇರಲಿ, ನಟ್ ಒಳಗಡೆ. ಬಕೆಟ್ಟಿನ ಪಕ್ಕ ಮಣ್ಣಿಗೆ ಉಜ್ಜಿ ಹೋಗುವಾಗ ಹೊರಗೆ ಚಾಚಿದ ಥ್ರೆಡ್ ಸವೆದು ನಟ್ ಬಿಚ್ಚದಂತಾಗುತ್ತದೆ. ಥ್ರೆಡ್ ಇಲ್ಲದ ನುಣುಪಾದ ಭಾಗವೇ ಎರಡು ಪ್ಲೇಟುಗಳ ಸೇರುವೆಗೆ ಬರುವಂಥ ಉದ್ದದ ಬೋಲ್ಟ್ ಆರಿಸಿ. ಕಿವಿಗೂ ಪ್ಲೇಟಿಗೂ ನಡುವೆ ಸಂದು ಇದ್ದರೆ ವಾಷರ್ ತುಂಬಿ, ಬಿಗಿದು ಎಳೆದು ಸೇರಿಸಲು ಹೋದರೆ ಪಕ್ಕದ ಪ್ಲೇಟ್ ಒಳಕ್ಕೆ ಬಾಗುತ್ತದೆ. ಎಂ16ಕ್ಕೆ ಸುಮಾರು 200 ನ್ಯೂಟನ್ ಮೀಟರ್ ಟಾರ್ಕ್. ಸಂದಿಗೆಲ್ಲ ಗ್ರೀಸ್ ಬಳಿದು ಕೂರಿಸಿದರೆ, ಮಣ್ಣು ತುಂಬಿ ತುಕ್ಕು ಹಿಡಿದು ಪಟ್ಟಿ ಕಚ್ಚಿಕೊಳ್ಳುವುದಿಲ್ಲ.

ಒಂದು ಗಂಟೆ ಕೆಲಸ ಮಾಡಿ ಮತ್ತೆ ಬಿಗಿಯಿರಿ. ಹಲ್ಲು ಇನ್ನೂ ಹಿಂದಕ್ಕೆ ಕೂರುವುದರಿಂದ ಮೊದಲ ಸಲ ಸಡಿಲವಾಗಿಯೇ ಇರುತ್ತದೆ. ಆಮೇಲೆ 10 ಗಂಟೆಗೊಮ್ಮೆ ನೋಡಿದರೆ ಸಾಕು.

ಓಡಿಸುವಾಗ

ಹಿಂದೆ ಭಾರ ಇರಲೇಬೇಕು. ರೋಟಾವೇಟರ್ ಇದ್ದರೆ ತ್ರೀ-ಪಾಯಿಂಟ್‌ಗೆ ತಗುಲಿಸಿಕೊಳ್ಳಿ. ಹಲ್ಲು ಆಳಕ್ಕೆ ಕಚ್ಚಿದಾಗ ಹಿಂಬದಿ ಹಗುರಾಗಿ, ಭಾರವೆಲ್ಲ ಮುಂದಿನ ಆಕ್ಸಲ್ ಮೇಲೆ ಬೀಳುತ್ತದೆ.

ಲೋ ಗೇರಿನಲ್ಲಿ, ಬಕೆಟ್ಟಿನ ತಳ ಹೆಚ್ಚುಕಡಿಮೆ ನೆಲಕ್ಕೆ ಸಮನಾಗಿಟ್ಟು ನುಗ್ಗಿ. ಅರ್ಧ ಹೋದಮೇಲೆ ಮಡಿಚುತ್ತಾ ತಳ್ಳಿ. ದೂರದಿಂದ ವೇಗವಾಗಿ ಬಂದು ಗುದ್ದುವುದು, ಒಂದೇ ಮೂಲೆಹಲ್ಲಿನಲ್ಲಿ ಕಲ್ಲು ಎಬ್ಬಿಸುವುದು ತೋಳನ್ನು ತಿರುಚುತ್ತದೆ. ಒಮ್ಮೆ ತಿರುಚಿದ ತೋಳನ್ನು ನೆಟ್ಟಗೆ ಮಾಡಿಸಲು ಹಲ್ಲಿನ ಪಟ್ಟಿಗಿಂತ ಬಹಳ ಹೆಚ್ಚು ಖರ್ಚು.

ಎಲ್ಲಕ್ಕಿಂತ ದೊಡ್ಡ ತಪ್ಪು, ಹಲ್ಲು ಕೆಳಕ್ಕೆ ಮಾಡಿ ರಿವರ್ಸ್‌ನಲ್ಲಿ ನೆಲ ಕೆರೆಯುವುದು. ಆಗ ಬಲ ಉಲ್ಟಾ ಬಂದು ಪಟ್ಟಿ ಬಾಯಂಚಿನಿಂದ ಮೇಲೇಳುತ್ತದೆ, ಕೆಳದವಡೆ ಅಗಲಿಸುತ್ತದೆ, ಪೂರ್ತಿ ಚಾಚಿದ ಸಿಲಿಂಡರ್ ರಾಡು ಬಾಗುತ್ತದೆ. ಸಮ ಮಾಡುವ ಕೆಲಸವಿದ್ದರೆ ಪಟ್ಟಿ ಬಿಚ್ಚಿ ಮಾಡಿ.

ತೋಟದಲ್ಲಿ ಡ್ರಿಪ್ಪಿನ ಸಬ್‌ಮೇನ್, ಬೋರಿನ ಕೇಬಲ್ ಎಲ್ಲಿ ಹೂತಿದೆಯೆಂದು ಗುರುತು ಹಾಕಿಕೊಂಡೇ ಇಳಿಸಿ. ನೇರ ಬಾಯಂಚು ಜಾರಿಹೋಗುತ್ತಿದ್ದ ಜಾಗದಲ್ಲಿ ಹಲ್ಲು ಪೈಪನ್ನು ಕೊಕ್ಕೆ ಹಾಕಿದಂತೆ ಎತ್ತುತ್ತದೆ. ರಸ್ತೆಗೆ ಇಳಿಯುವಾಗ ಪಟ್ಟಿ ಬಿಚ್ಚಿ ಟ್ರೇಲರಿಗೆ ಹಾಕಿ. ಬಿಚ್ಚಲಾಗದಿದ್ದರೆ ಬಕೆಟ್ ಪೂರ್ತಿ ಮಡಿಚಿ, ಉದ್ದಕ್ಕೆ ಸೀಳಿದ ಪಿವಿಸಿ ಪೈಪನ್ನು ಹಲ್ಲುಗಳ ಮೇಲೆ ಕಟ್ಟಿ. ಆ ಹಲ್ಲುಗಳು ಬೈಕಿನವರ ಎದೆಯ ಮಟ್ಟಕ್ಕೆ ಬರುತ್ತವೆ.