ಸಂಬಳದಿಂದ ಕಡಿತವಾದ 401(ಕೆ) ಹಣವನ್ನು ತಡಮಾಡದೆ ಜಮಾ ಮಾಡಿ

ಅಮೆರಿಕದಲ್ಲಿ ಸಣ್ಣ ಉದ್ಯಮ ನಡೆಸುತ್ತಿರುವ ಕನ್ನಡಿಗ ಮಿತ್ರರಲ್ಲಿ ಒಂದು ವಿನಂತಿ. ನೌಕರರ ಸಂಬಳದಿಂದ 401(ಕೆ) ನಿವೃತ್ತಿ ಯೋಜನೆಗೆಂದು ಹಿಡಿದಿಟ್ಟ ಹಣವನ್ನು ನಿಮ್ಮ ವ್ಯವಹಾರದ ಹಣದಿಂದ ಬೇರ್ಪಡಿಸಲು ಸಾಧ್ಯವಾದೊಡನೆ, ನೌಕರರ ನಿವೃತ್ತಿ ಹಣವನ್ನು ಕಾಯುವ 1974ರ ಎರಿಸಾ (ERISA) ಕಾಯ್ದೆಯ ಪ್ರಕಾರ ಅದು ಯೋಜನೆಯ ಆಸ್ತಿಯಾಗುತ್ತದೆ. ಆಮೇಲೆ ಅದನ್ನು ಅಂಗಡಿ ಬಾಡಿಗೆಗೋ ಸರಕಿನ ಬಿಲ್ಲಿಗೋ ನಾಲ್ಕು ದಿನ ಬಳಸಿಕೊಂಡರೂ ನೌಕರರಿಂದ ಕೇಳದೆ ಪಡೆದ ಕೈಗಡದಂತಾಗಿ, ನಿಷೇಧಿತ ವ್ಯವಹಾರವೆನಿಸುತ್ತದೆ.

ಮುಂದಿನ ತಿಂಗಳ 15ನೆಯ ಕೆಲಸದ ದಿನದವರೆಗೆ ಕಾಲಾವಕಾಶವಿದೆ ಎಂದು ಅನೇಕರು ನಂಬಿದ್ದಾರೆ. ಅದು ಮೀರಬಾರದ ಗಡಿಯೇ ಹೊರತು ಅಲ್ಲಿಯವರೆಗೆ ಕಾಯಲು ಕೊಟ್ಟ ಅನುಮತಿಯಲ್ಲ. 100ಕ್ಕಿಂತ ಕಡಿಮೆ ಸದಸ್ಯರಿರುವ ಯೋಜನೆಗಳಲ್ಲಿ 7 ಕೆಲಸದ ದಿನಗಳೊಳಗೆ ಜಮಾ ಆದರೆ ಅದನ್ನು ಸಕಾಲವೆಂದು ಕಾರ್ಮಿಕ ಇಲಾಖೆ ಒಪ್ಪುತ್ತದೆ.

ಆದ್ದರಿಂದ ಒಂದು ಹಾಳೆಯಲ್ಲಿ ಸಂಬಳದ ದಿನ, ಕಡಿತದ ಮೊತ್ತ, ಜಮಾ ಆದ ದಿನ ಎಂಬ ಮೂರು ಕಾಲಂ ಹಾಕಿ, ಪ್ರತಿ ಸಂಬಳದ ನಂತರ ಬ್ಯಾಂಕ್ ಸ್ಟೇಟ್‌ಮೆಂಟ್ ಎದುರಿಗಿಟ್ಟುಕೊಂಡು ನೀವೇ ತುಂಬಿ. ಪೇರೋಲ್ ಕಂಪನಿ ಇದೆಯೆಂದ ಮಾತ್ರಕ್ಕೆ ಹೊಣೆ ನಿಮ್ಮ ಹೆಗಲಿನಿಂದ ಇಳಿಯುವುದಿಲ್ಲ. ತಡವಾಗಿದ್ದರೆ ಮುಚ್ಚಿಡಬೇಡಿ. ಅಸಲಿನ ಜೊತೆಗೆ ನೌಕರರಿಗೆ ತಪ್ಪಿಹೋದ ಗಳಿಕೆಯನ್ನೂ ತುಂಬಿಕೊಟ್ಟು, ಇಲಾಖೆಯ ಸ್ವಯಂಪ್ರೇರಿತ ತಿದ್ದುಪಡಿ ಕಾರ್ಯಕ್ರಮದ ಮೂಲಕ ಸರಿಪಡಿಸಿಕೊಳ್ಳಬಹುದು.

ಕ್ಯಾಲೆಂಡರ್ ವರ್ಷದ ಯೋಜನೆಗಳಿಗೆ ವಾರ್ಷಿಕ ವರದಿಯಾದ ಫಾರಂ 5500 ಸಲ್ಲಿಸಲು ಜುಲೈ 31 ಕೊನೆಯ ದಿನ. ಅವಧಿ ವಿಸ್ತರಣೆ ಬೇಕಿದ್ದರೆ ಅಷ್ಟರೊಳಗೇ ಫಾರಂ 5558 ಸಲ್ಲಿಸಿರಬೇಕು.