ಸಾವಿರ ಪೌಂಡಿನಲ್ಲಿ ಎಂಟು ದಿನ

ಮಲೆನಾಡಿನ ಹಳ್ಳದಲ್ಲಿ ಎರೆಹುಳ ಸಿಕ್ಕಿಸಿ ಗಾಳ ಹಾಕಿ ಬೆಳೆದವನಿಗೆ ಫ್ಲೋಟ್ ಅಂದರೆ ಬೆಂಡು. ಅಲಾಸ್ಕಾದಲ್ಲಿ ಫ್ಲೋಟ್ ಟ್ರಿಪ್ ಅಂದರೆ ನಾವೇ ಬೆಂಡಾಗಿ ಹೊಳೆಯುದ್ದಕ್ಕೂ ತೇಲುವುದು. ಸಿಯಾಟಲ್‌ನಲ್ಲಿರುವ ನಾವು ಮೂವರು ಆರಿಸಿಕೊಂಡಿದ್ದು ಕನೆಕ್ಟಾಕ್ ನದಿ. ನೈಋತ್ಯ ಅಲಾಸ್ಕಾದ ಟೋಗಿಯಾಕ್ ವನ್ಯಧಾಮದೊಳಗಿನ ಕಗಾಟಿ ಸರೋವರದಲ್ಲಿ ಹುಟ್ಟಿ, ಕ್ವಿನ್‌ಹಾಗಕ್ ಎಂಬ ಯುಪಿಕ್ (ಅಲಾಸ್ಕಾದ ಮೂಲನಿವಾಸಿ) ಜನರ ಊರಿನ ಬಳಿ ಸಮುದ್ರ ಸೇರುತ್ತದೆ. ಸರೋವರಕ್ಕೆ ರಸ್ತೆ ಇಲ್ಲ. ಬೆಥೆಲ್‌ನಿಂದ ನೀರಿನ ಮೇಲೆ ಇಳಿಯುವ ಪುಟ್ಟ ವಿಮಾನವೇ ಗತಿ.

ಪೈಲಟ್ ಫೋನಿನಲ್ಲಿ ಹೇಳಿದ್ದು ಒಂದೇ ಮಾತು. ಜನ, ಸಾಮಾನು ಎಲ್ಲ ಸೇರಿ ತೂಕ 1,000 ಪೌಂಡ್, ಅಂದರೆ ಸುಮಾರು 450 ಕಿಲೋ. ಮೀರಿದರೆ ಎರಡನೇ ಟ್ರಿಪ್, ಅದಕ್ಕೆ ಬೇರೆ ದುಡ್ಡು. ನಾವು ಮೂವರೇ 550 ಪೌಂಡ್ ಇದ್ದೆವು. ರಾಫ್ಟ್ ಅಂದರೆ ಗಾಳಿ ತುಂಬುವ ದೋಣಿ, ಅದರ ಫ್ರೇಮ್, ಹುಟ್ಟುಗಳು ಸೇರಿ ಇನ್ನೂರು. ಉಳಿದದ್ದರಲ್ಲಿ ತಲೆಗೆ 50 ಪೌಂಡ್ ಬಟ್ಟೆ, ಟೆಂಟು, ಗಾಳದ ಸಾಮಾನು. ಊಟಕ್ಕೆ ಸಿಕ್ಕಿದ್ದು ನೂರು. ಅಡಿಗೆಮನೆಯ ತಕ್ಕಡಿ ಒಂದು ತಿಂಗಳು ಹಾಲ್‌ನಲ್ಲೇ ಇತ್ತು. ಅಂಗಿ ಮಡಚುವ ಮುಂಚೆ ತೂಗುತ್ತಿದ್ದೆ. ಮನೆಯವಳು ನಗುತ್ತಿದ್ದಳು.

ನಾನು ಮಾಡಿದ ಒಳ್ಳೆಯ ಕೆಲಸ ಅಂದರೆ, ಹೊರಡುವ ಎರಡು ವಾರ ಮುಂಚೆ ರಾಫ್ಟಿಗೆ ಗಾಳಿ ತುಂಬಿ ಗ್ಯಾರೇಜಿನಲ್ಲಿ ರಾತ್ರಿಯೆಲ್ಲ ಬಿಟ್ಟಿದ್ದು. ಬೆಳಿಗ್ಗೆ ಒಂದು ಕಡೆ ಹೆಬ್ಬೆರಳು ಒತ್ತಿದರೆ ಒಳಗೆ ಹೋಗುವಷ್ಟು ಮೆತ್ತಗಾಗಿತ್ತು. ಪಾತ್ರೆ ಸೋಪಿನ ನೀರು ಸವರಿಕೊಂಡು ಹೋದೆ. ವಾಲ್ವ್ ಹತ್ತಿರ ಸಾಸಿವೆ ಕಾಳಿನಷ್ಟು ಗುಳ್ಳೆಗಳು, ಒಂದರ ಹಿಂದೆ ಒಂದು. ತೂತೇನೂ ಇರಲಿಲ್ಲ. ವಾಲ್ವಿನ ಅಂಚಿನಲ್ಲಿ ಮರಳಿನ ಒಂದು ಕಾಳು ಕೂತಿತ್ತು, ಅಷ್ಟೇ. ಹತ್ತಿಬಟ್ಟೆಯಲ್ಲಿ ಒರೆಸಿದೆ, ನಿಂತಿತು. ಅದೇ ಹೊಳೆಯ ಮೇಲೆ ಆಗಿದ್ದರೆ ಸುಮ್ನೆ ತೇಪೆ ಹಾಕಿ ಹಾಕಿ ಅಂಟು ಮುಗಿಸುತ್ತಿದ್ದೆವೇನೋ.

ಹುಟ್ಟು ಹಾಕುವುದನ್ನೂ ಕಲಿಯಬೇಕಿತ್ತು. ಕನೆಕ್ಟಾಕ್‌ನಲ್ಲಿ ಭೋರ್ಗರೆಯುವ ಜಾಗಗಳಿಗಿಂತ ಹೆದರಬೇಕಾದ್ದು ಬಿದ್ದ ಮರಗಳಿಗೆ. ಹೊಳೆ ಕವಲು ಕವಲಾಗಿ ಒಡೆದ ಕಡೆ ದಡ ಕುಸಿದು ವಿಲ್ಲೋ ಮರಗಳು ಅಡ್ಡ ಮಲಗಿರುತ್ತವೆ. ನೀರೇನೋ ಕೊಂಬೆಗಳ ಸಂದಿಯಲ್ಲಿ ಸರಾಗ ಹೋಗುತ್ತದೆ, ರಾಫ್ಟ್ ಮಾತ್ರ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಮರದ ಕಡೆಗೇ ಮುಖ ಮಾಡಿ, ಹಿಂದಕ್ಕೆ ಎಳೆದು ತಪ್ಪಿಸಿಕೊಳ್ಳಬೇಕು. ಕೈಗೆ ಇದು ತಲೆಕೆಳಗಾದ ಲೆಕ್ಕ. ಎರಡು ವಾರಾಂತ್ಯ ಮನೆ ಹತ್ತಿರದ ಹೊಳೆಯಲ್ಲಿ ಅಭ್ಯಾಸ ಮಾಡಿದ ಮೇಲೆ ಬಂತು. ಹುಟ್ಟು ಮುರಿದರೆ ಅಂತ ಮೂರನೆಯದೂ ಜೊತೆಗಿತ್ತು. ಅದರ ತೂಕದ ಬಗ್ಗೆ ಯಾರೂ ಜಗಳ ತೆಗೆಯಲಿಲ್ಲ.

ಜಗಳ ಬಂದಿದ್ದು ಊಟಕ್ಕೆ. ನಮ್ಮಲ್ಲೊಬ್ಬ, ಸಾಗರ ಊರಿನ ಗೆಳೆಯ, ಮೀನಿಗೆ ಖಾರದಪುಡಿ, ರವೆ, ಒಂದು ಬಾಟಲಿ ಎಣ್ಣೆ ತಂದಿದ್ದ. "ಅಲ್ಲಿ ಕಂದು ಕರಡಿಗಳಿವೆ ಮಾರಾಯ, ನೀನು ಒಗ್ಗರಣೆ ಹಾಕಿ ಕರೀತೀಯಾ?" ಅಂದೆ. "ಮತ್ತೆ ಅಷ್ಟು ದೂರ ಹೋಗಿ ಚಪ್ಪೆ ಮೀನು ತಿನ್ನೋದಾ?" ಅಂದ. ಕೊನೆಗೆ ಎಣ್ಣೆ ಅರ್ಧ ಆಯಿತು. ಟೆಂಟಿನಿಂದ ನೂರು ಹೆಜ್ಜೆ ದೂರ, ವಾಸನೆ ಟೆಂಟಿನ ಕಡೆ ಬರದಂತೆ ಗಾಳಿ ಆಚೆ ಹೋಗುವ ದಿಕ್ಕಿನಲ್ಲಿ ಒಲೆ. ಊಟದ ಡಬ್ಬಗಳು ಕರಡಿ ತೆರೆಯಲಾಗದಂಥವು, ಹಲ್ಲುಜ್ಜುವ ಪೇಸ್ಟು ಸಹ ಅದರೊಳಗೇ. ಉಳಿದಂತೆ ಅವಲಕ್ಕಿ, ಹುರಿದ ರವೆ, ಚಟ್ನಿಪುಡಿ. ಎಂಟು ದಿನಕ್ಕೆ ಹತ್ತು ದಿನದ್ದು ಕಟ್ಟಿದ್ದೆವು, ಯಾಕಂದರೆ ಮೋಡ ಕೆಳಗಿದ್ದರೆ ವಿಮಾನ ಹಾರುವುದಿಲ್ಲ. ಬೆಥೆಲ್‌ನಲ್ಲೇ ಒಂದು ದಿನ ಮಳೆ ನೋಡುತ್ತಾ ಕೂತೆವು.

ಒಂದು ವಿಷಯ ಮರೆತಿದ್ದೆ. ಒಲೆಯ ಗ್ಯಾಸ್ ಡಬ್ಬ, ಕರಡಿ ಓಡಿಸುವ ಖಾರದ ಸ್ಪ್ರೇ ಎರಡನ್ನೂ ಪ್ರಯಾಣಿಕರ ವಿಮಾನದಲ್ಲಿ ಒಯ್ಯುವಂತಿಲ್ಲ. ಸಿಯಾಟಲ್‌ನಲ್ಲಿ ಕೊಂಡಿದ್ದೆಲ್ಲ ದಂಡವಾಯಿತು. ಬೆಥೆಲ್‌ನಲ್ಲಿ ಮತ್ತೆ ಕೊಂಡೆವು, ಬೆಲೆ ಜಾಸ್ತಿ. ಸ್ಪ್ರೇಯನ್ನು ಪೈಲಟ್ ಕ್ಯಾಬಿನ್ನಿನೊಳಗೆ ಬಿಡಲಿಲ್ಲ. ವಿಮಾನದ ಕಾಲಿನಂತಿರುವ ತೇಲುಗಳ ಒಳಗಿನ ಗೂಡಿನಲ್ಲಿ ಇಟ್ಟ.

ಆಗಸ್ಟ್ ಕೊನೆ. ಹೊಳೆ ತುಂಬ ಕೊಹೊ ಸಾಲ್ಮನ್. ಮೊಟ್ಟೆಯಿಡುವ ಸಾಲ್ಮನ್‌ಗಳ ಹಿಂದೆ, ತೇಲಿಬರುವ ಮೊಟ್ಟೆ ತಿನ್ನಲು ಮೈತುಂಬ ಚುಕ್ಕೆಯ ರೇನ್‌ಬೋ ಟ್ರೌಟ್ ನಿಂತಿರುತ್ತವೆ. ಹಾಗಾಗಿ ಪೆಟ್ಟಿಗೆ ತುಂಬ ತಂದಿದ್ದ ಬಣ್ಣದ ನಕಲಿ ಹುಳುಗಳಲ್ಲಿ ನನಗೆ ಕೆಲಸಕ್ಕೆ ಬಂದಿದ್ದು ಮೊಟ್ಟೆಯಂಥ ಕಿತ್ತಳೆ ಮಣಿ, ಮತ್ತೆ ಇಲಿಯ ಆಕಾರದ ಒಂದು ಗಾಳ. ಉಳಿದ ಪೆಟ್ಟಿಗೆ ಪೂರ್ತಿ ದಂಡದ ತೂಕ.

ಕ್ವಿನ್‌ಹಾಗಕ್‌ನ ಜಲ್ಲಿ ಏರ್‌ಸ್ಟ್ರಿಪ್ ಪಕ್ಕ ಮತ್ತೆ ತಕ್ಕಡಿ. ವಾಪಸ್ ಸಾಗಿಸಲು ಪೌಂಡಿಗೆ ಇಷ್ಟು ಅಂತ ದರ. ಊಟವೆಲ್ಲ ಖಾಲಿ, ಹಗುರಾಗಿದ್ದೇವೆ ಅಂದುಕೊಂಡಿದ್ದೆವು. ರಾಫ್ಟ್ ಇಟ್ಟರೆ ಬಂದಾಗಿನದಕ್ಕಿಂತ 25 ಪೌಂಡ್ ಜಾಸ್ತಿ. ಮಡಿಕೆಗಳೊಳಗೆ ಹೊಳೆ ನೀರು ಹಾಗೇ ಕೂತಿತ್ತು. ಬಿಚ್ಚಿ, ಗಾಳಿಗೆ ಹರಡಿ, ಮೂವರೂ ಬನಿಯನ್ನಿನಲ್ಲಿ ಒರೆಸಲು ಕೂತೆವು. ವಿಮಾನ ಬರಲು ಇನ್ನೂ ಎರಡು ಗಂಟೆ ಇತ್ತು.